ಚುಕ್ಕಾಣಿಯಿಲ್ಲದ ನಾವೆ: ಕಾವೇರಿಯ ಹರಿಗೋಲು ಮತ್ತು ಅದರ ಜೀರ್ಣೋದ್ಧಾರ

ಬಿಳಿಗಿರಿರಂಗನ ಬೆಟ್ಟದ ಮಗ್ಗುಲಲ್ಲಿ ಹರಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಸಂದ ಯಳಂದೂರಿನ ಗದ್ದೆಗಳನ್ನು ತಣಿಸಿ, ಹೊನ್ನುಹೊಳೆಯೆಂದು ಜನರಿಂದ ಕರೆಯಿಸಿಕೊಳ್ಳುವ ಸುವರ್ಣಾವತಿಯು ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಕೂಡಿದ ಮೇಲೆ ಆ ಮಹಾನದಿಯು ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಒಡೆದು ಧುಮುಕಿ, ಹನೂರಿನ ಕಾಡಂಚನ್ನು ಬಳಸಿ, ಗೋಪಿನಾಥಂ ಆಚೆಗೆ ಹೊಗೇನಕಲ್ಲಿನ ಬಂಡೆಗಳಲ್ಲಿ ಮತ್ತೊಮ್ಮೆ ಸಿಡಿದು, ಮೆಟ್ಟೂರು ಜಲಾಶಯದ ಹಿನ್ನೀರಿಗೆ ಇಳಿಯುತ್ತದೆ. ಬಂಡೆ, ಸುಳಿ, ಮಡುಗಳಿಂದ ತುಂಬಿದ ಈ ಜಲಮಾರ್ಗದಲ್ಲಿ ಹಾಯಿದೋಣಿಗೆ ಎಡೆಯಿಲ್ಲ. ಶತಮಾನಗಳಿಂದ ಇಲ್ಲಿ ಮನುಷ್ಯನನ್ನೂ ಅವನ ಬಲೆಯನ್ನೂ ಮೂಟೆಯನ್ನೂ ದಡದಿಂದ ದಡಕ್ಕೆ ಮುಟ್ಟಿಸುತ್ತ ಬಂದಿರುವುದು ಬಿದಿರಿನ ದುಂಡು ಹರಿಗೋಲು. ಈ ಕಡೆಯವರು ಅದನ್ನು ತೆಪ್ಪವೆಂದೂ ಹೊಗೇನಕಲ್ಲಿನ ತಮಿಳರು ಪರಿಸಲೆಂದೂ ಕರೆಯುತ್ತಾರೆ.

ನಮ್ಮ ಕಡಲತೀರದ ದೋಣಿಗಳನ್ನು ಕಂಡವರಿಗೆ ಮೊದಲು ತೋರುವ ವಿಸ್ಮಯವೆಂದರೆ ಈ ನಾವೆಗೆ ಚುಕ್ಕಾಣಿಯೇ ಇಲ್ಲದಿರುವುದು. ಕಡಲಿನ ಹಾಯಿದೋಣಿಯಲ್ಲಿ ಚುಕ್ಕಾಣಿಯ ಹಲಗೆಯು ಹಿಂಭಾಗಕ್ಕೆ ಬಿಗಿದ ಬಳೆಗಳಲ್ಲಿ ಕೀಲುಗಳ ಮೂಲಕ ತೂಗಿಕೊಂಡಿರುತ್ತದೆ. ದೋಣಿ ಮುಂದೆ ಸಾಗುವಾಗ ಅದರ ಪಕ್ಕವನ್ನು ಒರಸಿ ಹೋಗುವ ನೀರನ್ನು ಓರೆಯಾಗಿ ತಡೆದು ಅದು ಹಿಂಭಾಗವನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಹಾಗೆ ಒರಸಿ ಹೋಗುವ ನೀರು ಇಲ್ಲದಿದ್ದರೆ ಚುಕ್ಕಾಣಿ ನಿರರ್ಥಕ. ಹೊಳೆಯ ಸೆಳವಿನ ಜೊತೆಗೆ ಅದೇ ವೇಗದಲ್ಲಿ ತೇಲುವ ಹರಿಗೋಲಿಗೂ ಸುತ್ತಲಿನ ನೀರಿಗೂ ನಡುವೆ ಅಂಥ ವ್ಯತ್ಯಾಸ ಅತ್ಯಲ್ಪ. ಮೇಲಾಗಿ ದುಂಡಾದ ಒಡಲಿಗೆ ಮುಂದು ಹಿಂದು ಎಂಬ ಭೇದವಿಲ್ಲದೆ ನೀರಿನ ಪ್ರತಿರೋಧವು ಎಲ್ಲ ದಿಕ್ಕಿಗೂ ಸಮನಾಗಿರುತ್ತದೆ. ಆದುದರಿಂದ ಅಂಬಿಗನು ತಾನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಒಂದೇ ಹುಟ್ಟಿನಿಂದ ನೀರನ್ನು ಒಮ್ಮೆ ಎಡದಿಂದ ಒಮ್ಮೆ ಬಲದಿಂದ ತನ್ನೆಡೆಗೆ ಸೆಳೆದುಕೊಳ್ಳುತ್ತ ನಾವೆಯನ್ನು ಎಳೆದೊಯ್ಯುತ್ತಾನೆ. ಚಲನೆಯೂ ನಿಯಂತ್ರಣವೂ ಆ ಒಂದು ಉಪಕರಣದಲ್ಲೇ ಐಕ್ಯವಾಗಿವೆ. ಕಡಲಿನ ದೋಣಿಗೆ ಚುಕ್ಕಾಣಿಯ ಕೀಲು ಹೇಗೋ, ಹರಿಗೋಲಿಗೆ ಹುಟ್ಟಿನ ಕೋಲೂ ಹಲಗೆಯೂ ಸೇರುವ ಸಂಧಿ ಹಾಗೆ. ಅದು ಸಡಿಲಗೊಂಡರೆ ಅಂಬಿಗನ ಕೈಯಿಂದ ದಿಕ್ಕು ತಪ್ಪಿತೆಂದೇ ಅರ್ಥ.

1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ಇಂಥ ನಾವೆಗಳನ್ನು ವರ್ಣಿಸಿ, ಒಳಗೆ ಬೆತ್ತ ಹೊರಗೆ ತೊಗಲು ಇರುವ ಇವುಗಳಲ್ಲಿ ಹದಿನೈದಿಪ್ಪತ್ತು ಮಂದಿ ಹಿಡಿಸುವರೆಂದೂ, ಅವಶ್ಯವಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದೆಂದೂ, ಆದರೆ ಇವು ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಇರುವುವೆಂದೂ ಬರೆದಿದ್ದಾನೆ. ಆ ಸುತ್ತುವಿಕೆಯನ್ನು ದೋಷವೆಂದು ಎಣಿಸಬೇಕಾಗಿಲ್ಲ. ಬಂಡೆಗೆ ತಾಗಿದ ಉದ್ದನೆಯ ದೋಣಿ ಅಡ್ಡಲಾಗಿ ಸಿಕ್ಕಿಕೊಂಡು ಮುರಿಯುವ ಕಡೆಯಲ್ಲಿ ದುಂಡು ನಾವೆ ಒಂದು ಸುತ್ತು ತಿರುಗಿ ಜಾರಿಕೊಳ್ಳುತ್ತದೆ. ಅದರ ಹೆಣಿಗೆ ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ. 1803ರ ಮರಾಠಾ ಯುದ್ಧಕ್ಕೆ ಹೊರಟ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯವನ್ನು ಹೊಳೆ ದಾಟಿಸಲು ಹರಿಗೋಲುಗಳನ್ನೇ ಕಟ್ಟಿಸಿದನು. ಕೊಳ್ಳೇಗಾಲವು 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಷ್ಟೆ. ಆ ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಅವರು ಜಲಸಂಚಾರದ ಉಗಮವನ್ನು ಕುರಿತು 1946ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೇಲ್ಸ್ ದೇಶದ ತೊಗಲುದೋಣಿ, ಟೈಗ್ರಿಸ್ ನದಿಯ ಗುಫ್ಫ, ನಮ್ಮ ಹರಿಗೋಲು ಇವೆಲ್ಲಕ್ಕೂ ಗೌರವದ ಸ್ಥಾನ ದೊರೆತಿದೆ.

ಹೊಗೇನಕಲ್ಲಿನ ಹರಿಗೋಲು ಸುಮಾರು ಏಳು ಅಡಿ ವ್ಯಾಸದ್ದು. ಬಿದಿರನ್ನು ಸೀಳಿ ಮಾಡಿದ ದಬ್ಬೆಗಳನ್ನು ನೆಲದ ಮೇಲೆ ಒಂದರೊಳಗೊಂದು ಹೆಣೆದು ತಳವನ್ನು ಸಿದ್ಧಪಡಿಸಿ, ತುದಿಗಳನ್ನು ಮೇಲಕ್ಕೆ ಬಗ್ಗಿಸಿ, ಬಾಯಿಯ ಸುತ್ತ ದಪ್ಪನಾಗಿ ಅಂಚು ಕಟ್ಟುತ್ತಾರೆ. ಕೈ ಪಳಗಿದವರಿಗೆ ಇದು ಒಂದು ದಿನದ ಕೆಲಸ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಇಂದು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ತೊಗಲು ಹೋಗಿ ಪ್ಲಾಸ್ಟಿಕ್ ಬಂದುದಕ್ಕೆ ಮರುಗುವವರುಂಟು. ನನಗೆ ಹಾಗೆನಿಸುವುದಿಲ್ಲ. ನೆನೆದ ತೊಗಲನ್ನು ಪ್ರತಿಸಲವೂ ಒಣಗಿಸದಿದ್ದರೆ ಅದು ಕೊಳೆಯುತ್ತಿತ್ತು. ಶಿಲ್ಪದ ಸಾರವಿರುವುದು ಹೆಣಿಗೆಯಲ್ಲಿ, ಆ ಹೆಣಿಗೆ ಇಂದಿಗೂ ಬದಲಾಗಿಲ್ಲ.

ಕಟ್ಟಲು ಒಂದು ದಿನ ಸಾಕಾದರೂ ಉಳಿಸಿಕೊಳ್ಳಲು ವರ್ಷವಿಡೀ ಕೈಗೆಲಸ ಬೇಕು. ಈ ಕಸುಬಿನ ನಿಜವಾದ ವಿದ್ಯೆ ನಿರ್ಮಾಣಕ್ಕಿಂತ ದುರಸ್ತಿಯಲ್ಲೇ ಅಡಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದಾಗ, ಬಂಡೆಗೆ ಉಜ್ಜಿ ಡಾಂಬರು ಸವೆದ ತಾವುಗಳು ಬಿಸಿಲಿನಲ್ಲಿ ಬಿಳಚಿಕೊಂಡು ಎದ್ದು ಕಾಣುತ್ತವೆ. ಸಣ್ಣ ತೂತುಗಳು ಬರಿಗಣ್ಣಿಗೆ ಬೀಳದಿದ್ದರೂ, ಒಬ್ಬನು ಒಳಗೆ ನುಸುಳಿ ನೋಡಿದರೆ ಬೆಳಕಿನ ಚುಕ್ಕೆಗಳಾಗಿ ಹೊಳೆಯುತ್ತವೆ. ತೇಪೆ ಹಾಕುವ ಮೊದಲು ಆ ಜಾಗವು ಚೆನ್ನಾಗಿ ಒಣಗಿರಬೇಕು, ಮರಳು ಕೆಸರುಗಳು ಒಂದಿಷ್ಟೂ ಉಳಿದಿರಬಾರದು. ಒದ್ದೆಯ ಮೇಲೆ ಬಳಿದ ಡಾಂಬರು ಹಿಡಿಯದೆ ಹಪ್ಪಳದಂತೆ ಏಳುತ್ತದೆ. ಮುರಿದ ದಬ್ಬೆಯನ್ನು ಕಿತ್ತೆಸೆಯುವ ಕ್ರಮವೂ ಇಲ್ಲ. ಅದರ ಪಕ್ಕದಲ್ಲಿ ಹೊಸ ಸೀಳೊಂದನ್ನು, ಮುರಿದ ಜಾಗದ ಎರಡು ಕಡೆಗೂ ಸಾಕಷ್ಟು ಉದ್ದ ಚಾಚುವಂತೆ, ಹಳೆಯ ಹೆಣಿಗೆಯ ಮೇಲೂ ಕೆಳಗೂ ಹಾಯಿಸಿ ತುರುಕುತ್ತಾರೆ. ಹೀಗೆ ಭಾರವು ಒಂದೇ ಬಿಂದುವಿನಲ್ಲಿ ನಿಲ್ಲದೆ ಅಕ್ಕಪಕ್ಕದ ಕಣ್ಣುಗಳಿಗೆ ಹಂಚಿಹೋಗುತ್ತದೆ. ಅಂಚಿನ ಕಟ್ಟು ಸಡಿಲವಾದರೆ ಮಾತ್ರ ತಡಮಾಡುವಂತಿಲ್ಲ, ಏಕೆಂದರೆ ದುಂಡಗಿನ ಆಕಾರವನ್ನು ಹಿಡಿದು ನಿಲ್ಲಿಸಿರುವುದು ಆ ಅಂಚೇ. ಅಂಬಿಗನು ಆತು ಕುಳಿತು ಹುಟ್ಟು ಹಾಕುವುದೂ ಅದರ ಬಲದಿಂದಲೇ.

ಹುಟ್ಟಿನ ದುರಸ್ತಿಗೂ ಚುಕ್ಕಾಣಿಯ ದುರಸ್ತಿಗೂ ಇರುವ ಸಾದೃಶ್ಯವು ಗಮನಾರ್ಹವಾದುದು. ಚುಕ್ಕಾಣಿಯ ಬಳೆಯನ್ನು ಮರಕ್ಕೆ ಹಿಡಿದಿರುವ ತಿರುಪುಗಳು ಅಲುಗಾಟದಿಂದ ತಮ್ಮ ರಂಧ್ರಗಳನ್ನು ದಿನದಿನಕ್ಕೆ ಅಗಲಗೊಳಿಸುತ್ತವೆ. ಆ ರಂಧ್ರಕ್ಕೆ ನೀರಿಳಿದು ಮರವು ಒಳಗೊಳಗೇ ಲಡ್ಡಾಗುತ್ತದೆ. ಆ ಹಂತದಲ್ಲಿ ತಿರುಪನ್ನು ಎಷ್ಟು ಬಿಗಿದರೂ ಅದು ಬರಿದೆ ತಿರುಗುತ್ತದೆ. ಬಲ್ಲ ಬಡಗಿಯು ಅದನ್ನೆಲ್ಲ ಬಿಚ್ಚಿ, ಕೊಳೆತ ಭಾಗವನ್ನು ಕೆತ್ತಿ ತೆಗೆದು, ಒಣಗಿಸಿ, ಗಟ್ಟಿಮರದ ಬೆಣೆಯನ್ನು ಅಂಟಿನೊಡನೆ ತುಂಬಿಸಿ ಹೊಸ ರಂಧ್ರ ಕೊರೆಯುತ್ತಾನೆ. ಸಾಧ್ಯವಾದಲ್ಲಿ ತಿರುಪಿನ ಬದಲು ಹಲಗೆಯ ಆಚೆಬದಿಗೆ ಹಾಯುವ ಬೋಲ್ಟನ್ನು ಹಾಕಿ, ಒಳಗಡೆ ಲೋಹದ ಪಟ್ಟಿಯನ್ನಿಟ್ಟು ಬಿಗಿಯುತ್ತಾನೆ. ಹರಿಗೋಲಿನ ಹುಟ್ಟು ಇಷ್ಟೆಲ್ಲ ಲೋಹವನ್ನು ಬಯಸುವುದಿಲ್ಲ. ಕೋಲಿನ ತುದಿಗೆ ಮೊಳೆ ಹೊಡೆದು ಕೂಡಿಸಿದ ಹಲಗೆ ಅದು. ಆದರೆ ಧರ್ಮ ಒಂದೇ: ಹಳೆಯ ತೂತಿಗೆ ಮತ್ತೆ ಮೊಳೆ ಹೊಡೆಯಬಾರದು; ಹಲಗೆಯನ್ನು ತುಸು ಸರಿಸಿ ಗಟ್ಟಿಯಾದ ಜಾಗದಲ್ಲಿ ಕೂಡಿಸಬೇಕು; ಬಿದಿರಿನ ಕೋಲಾದರೆ ಗೆಣ್ಣಿನ ಸಮೀಪದಲ್ಲಿ, ಮೊದಲು ತೂತು ಕೊರೆದುಕೊಂಡು ಮೊಳೆಯಿಳಿಸಬೇಕು, ಇಲ್ಲವಾದರೆ ಬಿದಿರು ಉದ್ದಕ್ಕೂ ಸೀಳುತ್ತದೆ; ಅದರ ಮೇಲೆ ತಂತಿಯನ್ನೋ ಹುರಿಯನ್ನೋ ಬಿಗಿಯಾಗಿ ಸುತ್ತಬೇಕು. ಹೊರಡುವ ಮೊದಲು ಕೋಲನ್ನು ಹಿಡಿದು ಹಲಗೆಯನ್ನು ಅಡ್ಡಡ್ಡ ತಿರುಚಿ ನೋಡಿದರೆ ಸಾಕು, ಸಂಧಿಯ ಸ್ಥಿತಿ ಕೈಗೇ ತಿಳಿಯುತ್ತದೆ.

ಇಷ್ಟಕ್ಕೆಲ್ಲ ಆಧಾರವಾದ ಬಿದಿರು ಮಾತ್ರ ಮೊದಲಿನಂತೆ ಕೈಗೆಟುಕುವುದಿಲ್ಲ. ಈ ನದಿಯ ಇಕ್ಕೆಲಗಳಲ್ಲೂ ಇರುವುದು ರಕ್ಷಿತಾರಣ್ಯ. ಕಾವೇರಿ ವನ್ಯಧಾಮವು 1987ರಲ್ಲಿ, ಮಲೆ ಮಹದೇಶ್ವರ ವನ್ಯಧಾಮವು 2013ರಲ್ಲಿ ಘೋಷಿತವಾದುವು. ಬಿಳಿಗಿರಿರಂಗನ ಬೆಟ್ಟವು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯದ ರಕ್ಷಣೆ ಆಗಲೇಬೇಕಾದ ಕಾರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ 2017ರಲ್ಲಿ ಭಾರತೀಯ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು ಬಿದಿರನ್ನು ಮರದ ವ್ಯಾಖ್ಯೆಯಿಂದ ಹೊರಗಿಟ್ಟ ಮೇಲೆ, ಕಾಡಿನ ಹೊರಗಿನ ಜಮೀನಿನಲ್ಲಿ ಬೆಳೆದುದನ್ನು ಕಡಿದು ಸಾಗಿಸುವ ದಾರಿ ಸುಗಮವಾಗಿದೆ. ಹೊಳೆಯಂಚಿನ ಹಿಡುವಳಿಗಳಲ್ಲಿ ಒಂದೆರಡು ಮೆಳೆ ಬೆಳೆಸುವುದಕ್ಕೆ ಹನೂರು ಕೊಳ್ಳೇಗಾಲಗಳ ರೈತರಿಗೆ ಉತ್ತೇಜನ ದೊರೆತರೆ, ಮೇದರಿಗೂ ಅಂಬಿಗರಿಗೂ ಅದರಿಂದ ಉಪಕಾರವಾದೀತು.

ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ನೀರಿನ ಪ್ರಮಾಣ ಏರಿದಾಗ ಹೊಗೇನಕಲ್ಲಿನಲ್ಲಿ ತೆಪ್ಪ ನಡೆಸುವುದನ್ನು ಅಧಿಕಾರಿಗಳು ನಿಷೇಧಿಸುತ್ತಾರೆ. ಅಂಬಿಗನಿಗೆ ಆ ದಿನಗಳು ಸಂಪಾದನೆಯಿಲ್ಲದ ದಿನಗಳು, ದುರಸ್ತಿಯ ದಿನಗಳೂ ಹೌದು. ಕೊಳ್ಳೇಗಾಲದ ದಾಸನಪುರ, ಮುಳ್ಳೂರು, ಹರಳೆಗಳಿಗೆ 2018 ಮತ್ತು 2019ರ ಆಗಸ್ಟಿನಲ್ಲಿ ಕಾವೇರಿಯೇ ನುಗ್ಗಿ ಬಂದುದನ್ನು ನೆನೆದರೆ, ಈ ಸೀಮೆಗೆ ನೀರಿನ ಮೇಲಿನ ವಿದ್ಯೆ ಬೇಡವಾಯಿತೆಂದು ಯಾರೂ ಹೇಳಲಾರರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ, ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಇಂಥ ಸಂಸ್ಥೆಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು: ಪ್ರದರ್ಶನಕ್ಕೆಂದೇ ಕಟ್ಟಿಸಿದ ಹೊಸ ಹರಿಗೋಲಿಗಿಂತ, ಹಲವು ಮಳೆಗಾಲ ಕಂಡು ತೇಪೆಗಳನ್ನು ಹೊತ್ತ ಒಂದನ್ನು ಅದರ ಹುಟ್ಟಿನೊಡನೆ ತಂದಿಡಬೇಕು. ಯಾವ ದಬ್ಬೆ ಯಾವಾಗ ಮುರಿಯಿತು, ಏಕೆ ಮುರಿಯಿತು, ಹೊಸ ಸೀಳು ಎಲ್ಲಿಂದ ಹೊಕ್ಕು ಎಲ್ಲಿ ನಿಂತಿತು, ಹುಟ್ಟಿನ ಹಲಗೆಯನ್ನು ಎಷ್ಟು ಸಲ ಸರಿಸಲಾಯಿತು ಎಂಬುದನ್ನು ಸರಿಪಡಿಸಿದವನ ಬಾಯಿಂದಲೇ ಕೇಳಿ, ಚಿತ್ರಸಹಿತವಾಗಿ, ಅವನ ಹೆಸರಿನೊಂದಿಗೆ ದಾಖಲಿಸಬೇಕು. ಆ ಕೆಲಸವನ್ನು ಅವನು ಇನ್ನೂ ಮಾಡುತ್ತಿರುವಾಗಲೇ ಮಾಡಬೇಕು.