ಪೊರೆ ತೆಗೆಸಿದ ಕಣ್ಣು ಮತ್ತೆ ಮಂಜಾದರೆ

ಪೊರೆಯ ಆಪರೇಷನ್ ಆಗಿ ಒಂದೆರಡು ವರ್ಷದಲ್ಲಿ ಕಣ್ಣು ಮತ್ತೆ ಮಂಜಾದರೆ ಪುತ್ತೂರು, ಸುಳ್ಯ, ಕಡಬ ಕಡೆಯ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ: 'ಆಪರೇಷನ್ ಸರಿಯಾಗಲಿಲ್ಲ' ಅಥವಾ 'ಪ್ರಾಯ ಆಯಿತಲ್ಲ, ಇನ್ನು ಇಷ್ಟೇ'. ನನ್ನ ಅಜ್ಜಿಯೂ ಎರಡನೆಯದನ್ನೇ ಹೇಳಿ ಸುಮ್ಮನಿದ್ದರು. ಸುಲಿದ ಅಡಿಕೆಯಿಂದ ಪಟೋರ, ಕರಿಗೋಟು ಹೆಕ್ಕುವ ಕೆಲಸವನ್ನು ಅವರು ಬಿಟ್ಟಾಗಲೇ ಮನೆಯವರಿಗೆ ವಿಷಯ ತಿಳಿದದ್ದು. ಕಣ್ಣು ನೋಡಿದ ವೈದ್ಯರು ಹೇಳಿದ್ದು ಮೂರನೆಯ ಮಾತು: ಹಾಕಿದ ಲೆನ್ಸ್ ಚೆನ್ನಾಗಿದೆ, ಅದರ ಹಿಂದಿನ ಚೀಲ ಮಸುಕಾಗಿದೆ.

ನಮ್ಮ ಕಣ್ಣಿನ ಮಸೂರ ಒಂದು ತೆಳುವಾದ ಚೀಲದೊಳಗಿರುತ್ತದೆ. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ನೇತ್ರ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಸಾಮಾನ್ಯವಾಗಿ ಚೀಲದ ಸಮೇತ ಮಸೂರವನ್ನೇ ತೆಗೆಯುತ್ತಿದ್ದರು. ಆಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿ. ಈಗ ಚೀಲವನ್ನು ಉಳಿಸಿ ಅದರೊಳಗೆ ಕೃತಕ ಲೆನ್ಸ್ ಕೂರಿಸುತ್ತಾರೆ. ಮದುರೈಯ ಅರವಿಂದ ಸಂಸ್ಥೆಯ ಅರೋಲ್ಯಾಬ್ 1992ರಿಂದ ಕಡಿಮೆ ಬೆಲೆಗೆ ಲೆನ್ಸ್ ತಯಾರಿಸಿದ ಮೇಲೆ ಇದು ಬಡವರಿಗೂ ಎಟುಕಿತು. ಆದರೆ ಚೀಲದಲ್ಲಿ ಉಳಿದ ಜೀವಕೋಶಗಳು ನಿಧಾನವಾಗಿ ಬೆಳೆದು ಹಿಂಬದಿಯ ಪದರಕ್ಕೆ ಹರಡಬಹುದು. ಆಗ ದೃಷ್ಟಿ ಮಂಜಾಗುತ್ತದೆ, ರಾತ್ರಿ ವಾಹನದ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಇದು ಪೊರೆ ಮರಳಿ ಬಂದದ್ದಲ್ಲ, ಆಪರೇಷನ್ ಕೆಟ್ಟದ್ದೂ ಅಲ್ಲ.

ಇದಕ್ಕೆ ಚಿಕಿತ್ಸೆ ಯಾಗ್ ಲೇಸರ್. 1980ರ ದಶಕದ ಆರಂಭದಲ್ಲಿ ಬಂದ ವಿಧಾನ ಇದು. ಇದರ ತರಂಗಾಂತರ 1064 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಪ್ರತಿ ಬಾರಿಯ ಶಕ್ತಿ ಕೆಲವೇ ಮಿಲಿಜೌಲ್. ಅದು ಕೆಲವು ನ್ಯಾನೋಸೆಕೆಂಡಿನಲ್ಲಿ ಒಂದೇ ಬಿಂದುವಿಗೆ ಬೀಳುವುದರಿಂದ ಮಸುಕಾದ ಪದರದ ನಡುವೆ ಕಿಂಡಿ ತೆರೆಯುತ್ತದೆ. ಕತ್ತರಿ, ಹೊಲಿಗೆ, ಬ್ಯಾಂಡೇಜು ಬೇಡ. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಬರಬಹುದು. ಕೆಲವರಿಗೆ ಕಣ್ಣಿನ ಒತ್ತಡ ಏರುವುದುಂಟು, ಅಪರೂಪಕ್ಕೆ ಅಕ್ಷಿಪಟಲ ಕಳಚುವುದೂ ಉಂಟು. ಆದ್ದರಿಂದ ಹೇಳಿದ ದಿನ ಮತ್ತೆ ತೋರಿಸಬೇಕು.

ತೊಡಕು ಇರುವುದು ದಾರಿಯಲ್ಲಿ. ಪೊರೆ ತೆಗೆಸಲು ಹಳ್ಳಿಗೆ ಶಿಬಿರ ಬರುತ್ತದೆ, ಕರೆದೊಯ್ಯಲು ವಾಹನವೂ ಇರುತ್ತದೆ. ಲೇಸರಿಗೆ ಮಾತ್ರ ಯಂತ್ರ ಇರುವ ಕಣ್ಣಾಸ್ಪತ್ರೆಯನ್ನೋ ವೈದ್ಯಕೀಯ ಕಾಲೇಜನ್ನೋ ನಾವೇ ಹುಡುಕಿಕೊಂಡು ಹೋಗಬೇಕು. ಕಣ್ಣು ಕಾಣದ ಹಿರಿಯರು ಒಬ್ಬರೇ ಎರಡು ಬಸ್ ಬದಲಿಸಿ ಹೋಗುವುದು ಹೇಗೆ? ಪಾಪೆ ಹಿಗ್ಗಿಸುವ ಔಷಧಿ ಹಾಕಿದ ಮೇಲೆ ಕೆಲವು ಗಂಟೆ ಇನ್ನಷ್ಟು ಮಸುಕು. ಅದಕ್ಕೇ ಅನೇಕರು ಹೊರಡುವುದೇ ಇಲ್ಲ.

ಇಲ್ಲಿ ಕಾಲೇಜು ಹುಡುಗ ಹುಡುಗಿಯರಿಂದ ಆಗುವ ಕೆಲಸವಿದೆ. ಮನೆಯಲ್ಲಿ, ನೆರೆಯಲ್ಲಿ ಆಪರೇಷನ್ ಆದವರನ್ನು 'ಈಗ ಹೇಗೆ ಕಾಣುತ್ತದೆ?' ಎಂದು ಕೇಳಿ. ಎಲ್ಲ ಮಂಜಿಗೂ ಚೀಲವೇ ಕಾರಣವಲ್ಲ. ಸಕ್ಕರೆ ಕಾಯಿಲೆ, ಗ್ಲಾಕೋಮಾದಿಂದಲೂ ದೃಷ್ಟಿ ಕುಂದಬಹುದು. ಪರೀಕ್ಷೆ ಮಾಡಿಸಿದರೇ ಗೊತ್ತಾಗುವುದು. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಯಾಗ್ ಲೇಸರ್ ಇದೆಯೇ, ಯಾವ ದಿನ, ಖರ್ಚೆಷ್ಟು ಎಂದು ವಿಚಾರಿಸಿ. ಹಳೆಯ ಆಪರೇಷನ್ ಚೀಟಿ ಹಿಡಿದುಕೊಂಡು ಜೊತೆಗೆ ಹೋಗಿ. ನಮಗೆ ಹೋಗುವುದು ಒಂದು ರಜಾದಿನ. ಅವರಿಗೆ ಮರಳಿ ಸಿಗುವುದು ದಿನನಿತ್ಯದ ಕೆಲಸ, ಧೈರ್ಯವಾಗಿ ಮೆಟ್ಟಿಲಿಳಿಯುವ ಕಾಲು.