ನಾಯಿಮರಿಗೆ ಮನೆಯ ಶುಚಿಯನ್ನು ಕಲಿಸುವ ಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ತೋಟ, ಕಣ, ಕೊಟ್ಟಿಗೆ, ಕುರಿಹಟ್ಟಿ ಇವುಗಳ ಕಾವಲಿಗಾಗಿ ನಾಯಿಯನ್ನು ಸಾಕುವುದು ನಮ್ಮ ಒಕ್ಕಲುಮಕ್ಕಳಲ್ಲಿ ಬಹು ಹಿಂದಿನಿಂದ ನಡೆದುಬಂದ ಪದ್ಧತಿಯಾಗಿದೆ. ಬೇಟೆಗೂ ಕಾವಲಿಗೂ ಹೆಸರಾದ ಮುಧೋಳದ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು 2005ನೆಯ ಇಸವಿಯಲ್ಲಿ ಭಾರತದ ಅಂಚೆ ಇಲಾಖೆಯವರು ಹೊರಡಿಸಿರುತ್ತಾರೆ. ಆದುದರಿಂದ ನಾಯಿಯ ಪ್ರಯೋಜನವನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಆದರೆ ಎಳೆಯ ಮರಿಯನ್ನು ತಂದ ಎಂಟು ದಿನಗಳೊಳಗಾಗಿ ಮನೆಯ ಹೆಂಗಸರಿಂದ ಒಂದು ದೂರು ತಪ್ಪದೆ ಬರುತ್ತದೆ. ಮರಿಯು ನಡುಮನೆಯಲ್ಲಿ ಗಲೀಜು ಮಾಡುವುದೆಂಬುದೇ ಆ ದೂರು. ಇದರ ಫಲವಾಗಿ ಮರಿಯು ಮೊದಲು ಏಟು ತಿನ್ನುತ್ತದೆ. ಬಳಿಕ ಹಗಲಿರುಳೂ ಹಿತ್ತಿಲಿನ ಗೂಟಕ್ಕೆ ಬೀಳುತ್ತದೆ. ಕಡೆಗೆ ಸಂತೆಯ ದಿನ ಪರವೂರಿನಲ್ಲಿ ಬಿಡಲ್ಪಡುತ್ತದೆ. ಹೀಗೆ ಬಿಟ್ಟ ಮರಿಯು ಲಸಿಕೆಯಿಲ್ಲದ ಬೀದಿನಾಯಿಯಾಗಿ ಬೆಳೆದು, ಆ ಊರಿನ ಮಕ್ಕಳಿಗೂ ಕುರಿಗಳಿಗೂ ಅಪಾಯಕಾರಿಯಾಗುವುದು. ಆದಕಾರಣ ಈ ವಿಷಯವು ನೋಡುವುದಕ್ಕೆ ಅಲ್ಪವಾಗಿದ್ದರೂ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ ಅರ್ಹವಾದುದು.

ಮರಿಯ ಸ್ವಭಾವ.— ಹುಟ್ಟಿದ ಮೊದಲ ಎರಡು ಮೂರು ವಾರಗಳಲ್ಲಿ ಮರಿಯು ತಾನಾಗಿ ಮಲಮೂತ್ರಗಳನ್ನು ವಿಸರ್ಜಿಸಲಾರದು. ತಾಯಿಯೇ ನೆಕ್ಕಿ ವಿಸರ್ಜನೆ ಮಾಡಿಸಿ, ಮಲಗುವ ಜಾಗವನ್ನು ಶುಚಿಯಾಗಿಡುತ್ತದೆ. ಕಾಲಿಗೆ ಬಲ ಬಂದ ಕೂಡಲೆ ಮರಿಯು ತಾನಾಗಿಯೇ ಮಲಗುವ ಸ್ಥಳವನ್ನು ಬಿಟ್ಟು ಆಚೆ ಹೋಗಲಾರಂಭಿಸುವುದು. ಸುಮಾರು ಎಂಟು ಒಂಭತ್ತು ವಾರಗಳ ವಯಸ್ಸಿನಲ್ಲಿ ಮಣ್ಣೋ, ಹುಲ್ಲೋ, ಗೋಣಿಯೋ, ಕಾಲಿಗೆ ಅಭ್ಯಾಸವಾದ ನೆಲವನ್ನೇ ಹುಡುಕುವ ರೂಢಿಯು ಅದರಲ್ಲಿ ನೆಲೆಗೊಳ್ಳುತ್ತದೆ. ಹೀಗೆ ಶುಚಿಯು ಅದಕ್ಕೆ ಹುಟ್ಟುಗುಣವೇ ಆಗಿದೆ. ಆದರೆ ಅದರ ಎಣಿಕೆಯಲ್ಲಿ ಮನೆಯೆಂದರೆ ತಾನು ಮಲಗುವ ಒಂದು ಮೊಳದ ಜಾಗ ಮಾತ್ರ. ನಮ್ಮ ಪಡಸಾಲೆ, ನಡುಮನೆಗಳು ಅದಕ್ಕೆ ಹೊರಗೇ ಸರಿ. ಇಡೀ ಮನೆಯೇ ತನ್ನ ಮಲಗುವ ಜಾಗವೆಂದು ಅದಕ್ಕೆ ತಿಳಿಯುವಂತೆ ಮಾಡುವುದೇ ಈ ಶಿಕ್ಷಣದ ಸಾರಾಂಶವಾಗಿದೆ.

ಇದಲ್ಲದೆ ಎಳೆಯ ಮರಿಗೆ ಮೂತ್ರವನ್ನು ತಡೆಯುವ ಶಕ್ತಿಯು ಬಹಳ ಕಡಿಮೆ. 2 ತಿಂಗಳಿನದು ಹೆಚ್ಚೆಂದರೆ 3 ಗಂಟೆ, 3 ತಿಂಗಳಿನದು 4 ಗಂಟೆ ತಡೆದೀತು. ಆಡುತ್ತಿರುವಾಗ ಅಷ್ಟೂ ಇಲ್ಲ. ಆಗದ ಕೆಲಸಕ್ಕಾಗಿ ಅದನ್ನು ಶಿಕ್ಷಿಸುವುದು ನ್ಯಾಯವಲ್ಲ.

ವೇಳೆಯ ಕಟ್ಟು.— ಮರಿಯನ್ನು ಹೊರಗೆ ಒಯ್ಯತಕ್ಕ ವೇಳೆಗಳು ಇವು: ನಿದ್ದೆಯಿಂದ ಎದ್ದ ಕೂಡಲೆ, ಉಂಡ ಬಳಿಕ 5 ನಿಮಿಷದಿಂದ ಅರ್ಧ ಗಂಟೆಯೊಳಗೆ, ಆಟ ಮುಗಿದೊಡನೆ, ರಾತ್ರಿ ಮಲಗುವ ಮುನ್ನ. ಇವುಗಳ ನಡುವೆ ಹಗಲಿನಲ್ಲಿ 2 ಗಂಟೆಗೊಮ್ಮೆಯೂ, ಮೊದಲ ಕೆಲವು ವಾರ ನಡುರಾತ್ರಿಯಲ್ಲಿ ಒಮ್ಮೆಯೂ ಒಯ್ಯಬೇಕು. ಆಹಾರವನ್ನು ದಿನಕ್ಕೆ 3 ಅಥವಾ 4 ಬಾರಿ ಗೊತ್ತಾದ ಹೊತ್ತಿಗೆ ಕೊಟ್ಟು, ಉಳಿದುದನ್ನು ತೆಗೆದುಬಿಡತಕ್ಕದ್ದು. ಉಣ್ಣುವ ಹೊತ್ತು ಗೊತ್ತಾಗಿದ್ದರೆ ವಿಸರ್ಜಿಸುವ ಹೊತ್ತೂ ಗೊತ್ತಾಗುವುದು. ಆದರೆ ಕುಡಿಯುವ ನೀರನ್ನು ಎಂದಿಗೂ ತಪ್ಪಿಸಕೂಡದು.

ಸ್ಥಳದ ಆಯ್ಕೆ.— ಹಿತ್ತಿಲಿನ ಒಂದು ಮೂಲೆಯನ್ನು ಗೊತ್ತುಮಾಡಿ, ಪ್ರತಿಸಲವೂ ಅಲ್ಲಿಗೇ ಒಯ್ಯಬೇಕು. ಅದು ಹುಲ್ಲಿನ ಬಣವೆ, ದನಗಳ ನೀರಿನ ತೊಟ್ಟಿ, ಬಾವಿ, ಕಾಯಿಪಲ್ಯದ ಪಾತಿ ಇವುಗಳಿಂದ ದೂರವಾಗಿರತಕ್ಕದ್ದು. ನಾಯಿಯ ಮಲವು ಮೇವಿನಲ್ಲಿ ಬೆರೆತರೆ, ಹಸುಗಳಲ್ಲಿ ಗರ್ಭಪಾತವನ್ನುಂಟುಮಾಡುವ ನಿಯೋಸ್ಪೋರ ಎಂಬ ಸೂಕ್ಷ್ಮಜೀವಿಯು ಹರಡುವ ಸಂಭವವುಂಟು. ಕುರಿಯ ಮಿದುಳಿನಲ್ಲಿ ನೀರುಗುಳ್ಳೆ ಬೆಳೆದು ಅದು ಒಂದೇ ಕಡೆಗೆ ಸುತ್ತುವ ರೋಗಕ್ಕೂ ನಾಯಿಯ ಕರುಳಿನ ಲಾಡಿಹುಳುವೇ ಮೂಲ. ಮಲವನ್ನು ಆ ದಿನವೇ ತೆಗೆದು ಆಳವಾಗಿ ಹೂಳಬೇಕು, ತಿಪ್ಪೆಗೆ ಹಾಕಕೂಡದು. ದುಂಡುಹುಳುವಿನ ಮೊಟ್ಟೆಗಳು ಹೊರಬಿದ್ದ ಒಂದು ವಾರವಾದರೂ ಕಳೆದ ಹೊರತು ಸೋಂಕನ್ನುಂಟುಮಾಡಲಾರವು. ಕೊಕ್ಕೆಹುಳುವಿನ ಮರಿಗಳಾದರೋ ಕೆಲವೇ ದಿನಗಳಲ್ಲಿ ಬೆಳೆದು ಬರಿಗಾಲಿನ ಚರ್ಮವನ್ನು ಹೊಗುತ್ತವೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲಾಗದು. ಲಸಿಕೆಗಳು ಪೂರ್ತಿಯಾಗುವ ತನಕ ಬೀದಿನಾಯಿಗಳು ತಿರುಗುವ ಕಡೆಗೆ ಮರಿಯನ್ನು ಒಯ್ಯುವುದು ಹಾನಿಕರ.

ಕಲಿಸುವ ರೀತಿ.— ಒಂದೇ ಬಾಗಿಲಿನಿಂದ ಹೊರಟು, ಮನೆಯವರೆಲ್ಲರೂ ಒಂದೇ ಮಾತನ್ನು ಹೇಳಿ, ಆ ಮೂಲೆಯಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಮರಿಯು ಕೆಲಸ ಮುಗಿಸಿದ ಕ್ಷಣದಲ್ಲಿಯೇ ಮೈ ಸವರಿ, ರೊಟ್ಟಿಯ ಒಂದು ಚೂರನ್ನು ಕೊಡತಕ್ಕದ್ದು. ಒಳಗೆ ಬಂದ ಮೇಲೆ ಕೊಟ್ಟರೆ, ಅದು ಏತಕ್ಕೆ ದೊರೆಯಿತೆಂದು ಮರಿಗೆ ತಿಳಿಯದು. ಏನೂ ಮಾಡದಿದ್ದರೆ ಒಳಗೆ ತಂದು, ಕಣ್ಣೆದುರಿಗೇ ಇಟ್ಟುಕೊಂಡು, ಕಾಲು ಗಂಟೆಯ ತರುವಾಯ ಪುನಃ ಒಯ್ಯಬೇಕು. ನೆಲವನ್ನು ಮೂಸುವುದು, ಸುತ್ತು ಹಾಕುವುದು, ಆಟದ ನಡುವೆ ಥಟ್ಟನೆ ನಿಂತು ಮೂಲೆಗೆ ಓಡುವುದು ಇವೇ ಅದರ ಸೂಚನೆಗಳು. ಕಾಯುವವರಿಲ್ಲದ ವೇಳೆ, ಮಲಗಿ ಹೊರಳಲು ಸಾಕಾಗುವಷ್ಟು ಪೆಟ್ಟಿಗೆಯಲ್ಲಿ ಇಡಬಹುದು; ಆದರೆ ಅದರ ತಡೆಯುವ ಶಕ್ತಿಯನ್ನು ಮೀರಿ ಇಡಕೂಡದು.

ಶಿಕ್ಷೆಯ ವಿಷಯ.— ಇಲ್ಲಿ ನನ್ನ ತಪ್ಪನ್ನೇ ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾನು ತಂದ ಮರಿಯೊಂದು ದಿನವೂ ಪಡಸಾಲೆಯನ್ನು ಒದ್ದೆ ಮಾಡುತ್ತಿತ್ತು. ಸರ್ಕೀಟಿನಿಂದ ಸಂಜೆ ಹಿಂತಿರುಗಿ ಬಂದವನು, ಅದರ ಮೂತಿಯನ್ನು ನೆಲಕ್ಕೆ ಉಜ್ಜಿ ಎರಡೇಟು ಹಾಕುತ್ತಿದ್ದೆನು. ಹತ್ತು ದಿನಗಳಲ್ಲಿ ಪಡಸಾಲೆಯು ಒಣಗಿತು. ನನ್ನ ಉಪಾಯವು ಫಲಿಸಿತೆಂದು ಹಿಗ್ಗಿದೆನು. ತಿಂಗಳ ಕೊನೆಗೆ ರಾಗಿಯ ಚೀಲಗಳನ್ನು ಸರಿಸಿದಾಗ ಅವುಗಳ ಹಿಂದೆ ಕಂಡುದನ್ನು ಬರೆಯಲು ಸಂಕೋಚವಾಗುತ್ತದೆ. ತಳದ ಚೀಲವೊಂದು ಕೆಟ್ಟಿತ್ತು. ಮನೆಯೊಳಗೆ ಮಾಡಕೂಡದೆಂಬುದನ್ನು ಮರಿಯು ಕಲಿತಿರಲಿಲ್ಲ. ಈ ಮನುಷ್ಯನ ಎದುರಿಗೆ ಮಾಡಕೂಡದೆಂಬುದನ್ನು ಮಾತ್ರ ಕಲಿತಿತ್ತು. ಹಿತ್ತಿಲಿನಲ್ಲಿಯೂ ನಾನು ನಿಂತಿರುವ ತನಕ ಅದು ಕುಳಿತುಕೊಳ್ಳುತ್ತಿರಲಿಲ್ಲ. ಬಳಿಕ ನನ್ನ ತಾಯಿಯವರು ಅದನ್ನು ತಮ್ಮ ವಶಕ್ಕೆ ತೆಗೆದುಕೊಂಡು, ನಸುಕಿನಲ್ಲಿ ಅಂಗಳಕ್ಕೆ ನೀರು ಹಾಕಲು ಎದ್ದಾಗಲೂ, ಪ್ರತಿ ಊಟವಾದ ಮೇಲೂ ಎತ್ತಿಕೊಂಡು ಹೋಗುತ್ತಿದ್ದರು. ನಾನು ತಪ್ಪಾದ ಹೊತ್ತುಗಳನ್ನು ಬರೆದಿಡಲಾರಂಭಿಸಿದೆನು. ಬಹುತೇಕ ಎಲ್ಲವೂ ರಾತ್ರಿಯ ಊಟದ ವೇಳೆಯಲ್ಲಿ, ಮನೆಯವರೆಲ್ಲರೂ ಎಲೆಯ ಮುಂದೆ ಕುಳಿತಿರುವಾಗ ಆದವು! ಆ ಒಂದು ಹೊತ್ತನ್ನು ಸರಿಪಡಿಸಿದ ಮೇಲೆ ಮೂರು ವಾರಗಳಲ್ಲಿ ತೊಂದರೆಯು ನಿಂತಿತು. ಆದುದರಿಂದ ತಪ್ಪು ಕಣ್ಣೆದುರಿಗೇ ನಡೆಯುತ್ತಿದ್ದರೆ ಮೆಲ್ಲನೆ ಚಪ್ಪಾಳೆ ತಟ್ಟಿ, ಎತ್ತಿ ಹೊರಗೆ ಒಯ್ಯಬೇಕು. ಮುಗಿದುಹೋಗಿದ್ದರೆ ಮಾತಿಲ್ಲದೆ ಶುಚಿ ಮಾಡಬೇಕು.

ಶುಚಿ ಮಾಡುವ ಕ್ರಮ.— ವಾಸನೆ ಉಳಿದ ಕಡೆಗೇ ಮರಿಯು ಮರಳಿ ಬರುತ್ತದೆ. ಗಾರೆ ಅಥವಾ ಸಿಮೆಂಟಿನ ನೆಲವಾದರೆ ಹಳೆಯ ಬಟ್ಟೆಯಿಂದ ಹೀರಿಸಿ, ಸಾಬೂನಿನ ನೀರಿನಿಂದ ತೊಳೆದು, ಸಮಪಾಲು ನೀರು ಬೆರೆಸಿದ ವಿನೆಗರನ್ನು ಸವರಿ ಒಣಗಿಸಬೇಕು. ಮಣ್ಣಿನ ನೆಲವಾದರೆ ನೆನೆದ ಮಣ್ಣನ್ನು ಕೆರೆದು ತೆಗೆದು, ಹೊಸ ಮಣ್ಣನ್ನು ಮೆತ್ತಿ, ಒಣಗಿದ ಮೇಲೆ ಸಾರಿಸತಕ್ಕದ್ದು. ಆ ಜಾಗದಲ್ಲಿ ಗೋಮೂತ್ರವನ್ನಾಗಲಿ ಅಮೋನಿಯ ಸೇರಿದ ದ್ರವವನ್ನಾಗಲಿ ಬಳಸಕೂಡದು. ಮರಿಯ ಮೂಗಿಗೆ ಅವೂ ಮೂತ್ರದ ವಾಸನೆಯೇ. ಬ್ಲೀಚಿಂಗ್ ಪುಡಿಯನ್ನು ವಿನೆಗರಿನೊಡನೆಯಾಗಲಿ ಮೂತ್ರದೊಡನೆಯಾಗಲಿ ಬೆರೆಸಿದರೆ ವಿಷವಾಯು ಏಳುವುದಾದುದರಿಂದ ಎಚ್ಚರಿಕೆ ಅವಶ್ಯ.

ರೋಗದ ಸಂಶಯ.— ಕಲಿತ ಮರಿಯು ಹಠಾತ್ತಾಗಿ ತಪ್ಪತೊಡಗಿದರೆ, ಪದೇ ಪದೇ ತಿಣುಕಿ ಸ್ವಲ್ಪ ಸ್ವಲ್ಪವೇ ಮೂತ್ರ ಮಾಡಿದರೆ, ಅಥವಾ ಮೂತ್ರದಲ್ಲಿ ರಕ್ತ ಕಂಡರೆ, ಅದು ಶಿಕ್ಷಣದ ದೋಷವಲ್ಲ, ಪಶುವೈದ್ಯರಿಗೆ ತೋರಿಸಬೇಕು. ವಾಂತಿಯೊಡನೆ ದುರ್ವಾಸನೆಯ ರಕ್ತಭೇದಿಯಾದರೆ ಪಾರ್ವೊ ರೋಗವೆಂದು ಶಂಕಿಸಿ ಆ ದಿನವೇ ಒಯ್ಯತಕ್ಕದ್ದು. ಹುಳುವಿನ ಔಷಧವನ್ನು 2 ವಾರದ ವಯಸ್ಸಿನಿಂದ 2 ವಾರಕ್ಕೊಮ್ಮೆ, 2 ತಿಂಗಳು ಕಳೆದ ಮೇಲೆ 6 ತಿಂಗಳಾಗುವ ವರೆಗೆ ತಿಂಗಳಿಗೊಮ್ಮೆ ಕೊಡಿಸಬೇಕು; 3 ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಬೇಕು. ಯಜಮಾನನನ್ನು ಕಂಡು ಮೈ ಕುಗ್ಗಿಸಿ ತೊಟ್ಟಿಕ್ಕಿಸುವುದು ಹೆದರಿಕೆಯ ಲಕ್ಷಣ. ಗದರಿದಷ್ಟೂ ಅದು ಹೆಚ್ಚುವುದು.

ಮೇಲ್ಕಂಡ ಕ್ರಮವನ್ನು ತಪ್ಪದೆ ನಡೆಸಿದಲ್ಲಿ ಬಹುಮಟ್ಟಿಗೆ ಮರಿಗಳು 4ರಿಂದ 6 ತಿಂಗಳ ವಯಸ್ಸಿಗೆ ಕಲಿಯುತ್ತವೆ. ಕೆಲವಕ್ಕೆ ಒಂದು ವರ್ಷ ಹಿಡಿಯಬಹುದು. ಮರಿಯನ್ನು ತರುವ ಮುನ್ನವೇ, ದಿನದ ಯಾವ ಯಾವ ಹೊತ್ತಿಗೆ ಅದನ್ನು ಯಾರು ಹೊರಗೆ ಒಯ್ಯುವರೆಂಬುದನ್ನು ಮನೆಯವರು ಕುಳಿತು ಗೊತ್ತುಮಾಡಿಕೊಳ್ಳಲಿ. ಹಾಗೆ ಒಯ್ಯುವವರಿಲ್ಲದ ಮನೆಗೆ ಮರಿಯನ್ನು ತಾರದಿರುವುದೇ ಮೇಲು. ಗ್ರಾಮದ ಹಿರಿಯರು ತಮ್ಮ ಮನೆಯ ಒಂದು ಮರಿಯನ್ನು ಹೀಗೆ ಬೆಳೆಸಿ ತೋರಿಸಿದರೆ, ನೆರೆಯವರು ಕೇಳಿ ಕಲಿಯುವರು; ಸಂತೆಯಲ್ಲಿ ಬಿಡಲ್ಪಡುವ ಮರಿಗಳೂ ಕಡಿಮೆಯಾಗುವುವು.