ಹಸುಗೂಸಿಗೂ ನೋವಾಗುತ್ತದೆ



ಹೃದಯದ ಡಾಕ್ಟರಿಗೆ ಹಸುಗೂಸಿನ ವಿಷಯ ಯಾಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಎರಡು. ಮೊದಲನೆಯದು ನನ್ನದೇ ಒಂದು ತಪ್ಪು. ಇಂಟರ್ನ್ ಆಗಿದ್ದಾಗ ಎರಡು ದಿನದ ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯಬೇಕಿತ್ತು. ಸರಿಯಾಗಿ ಬರಲಿಲ್ಲ, ಮೂರು ಸಲ ಚುಚ್ಚಿದೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಕೂಸಿಗೆ ನೋವಾಗ್ತದಲ್ಲಪ್ಪಾ" ಅಂದರು. "ಇಷ್ಟು ಚಿಕ್ಕವರಿಗೆ ಅಷ್ಟೆಲ್ಲ ಗೊತ್ತಾಗಲ್ಲ ಅಜ್ಜಿ" ಅಂದೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ವಾರ್ಡಿನಲ್ಲಿ ಸೀನಿಯರ್‌ಗಳ ಬಾಯಿಂದ ಕೇಳಿದ್ದು. ಅಜ್ಜಿ ಹೇಳಿದ್ದೇ ಸರಿಯಾಗಿತ್ತು.

ಎರಡನೆಯದು, ಈ ವಿಷಯದಲ್ಲಿ ವೈದ್ಯರ ಕಣ್ಣು ತೆರೆಸಿದ್ದು ಹೃದಯದ ಪಕ್ಕದ ಒಂದು ಆಪರೇಷನ್.

*ಆಗ ಏನಾಯಿತು?*

ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳ ನಡುವೆ ಗರ್ಭದಲ್ಲಿ ಒಂದು ಕೊಂಡಿ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಕೆಲವೊಮ್ಮೆ ಮುಚ್ಚುವುದಿಲ್ಲ. 1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಜೆಫ್ರಿ ಲಾಸನ್ ಎಂಬ ಕೂಸಿಗೆ ಈ ಆಪರೇಷನ್ ಆಯಿತು. ಮೈ ಅಲುಗದಂತೆ ಮಾಡುವ ಔಷಧ ಕೊಟ್ಟಿದ್ದರು, ನೋವಿಗೆ ಏನೂ ಕೊಟ್ಟಿರಲಿಲ್ಲ. ಮಗು ಉಳಿಯಲಿಲ್ಲ. ನಂತರ ವಿಷಯ ತಿಳಿದ ತಾಯಿ ಸುಮ್ಮನಿರಲಿಲ್ಲ, ಅವರ ಪ್ರಶ್ನೆ ಪತ್ರಿಕೆಗಳಿಗೆ ಬಂತು.

ಅದೇ ಹೊತ್ತಿಗೆ ಇಂದೋರಿನಲ್ಲಿ ಎಂಬಿಬಿಎಸ್ ಓದಿದ ಡಾ. ಕನ್ವಲ್‌ಜೀತ್ ಆನಂದ್ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಇದೇ ಆಪರೇಷನ್ ಆಗುವ ಮಕ್ಕಳ ಮೇಲೆ ಅಧ್ಯಯನ ಮಾಡಿದ್ದರು. ನೋವಿನ ಔಷಧ ಸಿಕ್ಕ ಮಕ್ಕಳಲ್ಲಿ ರಕ್ತದಲ್ಲಿ ಸ್ಟ್ರೆಸ್ ಹಾರ್ಮೋನುಗಳೂ ಕಡಿಮೆ, ಆಪರೇಷನ್ ನಂತರದ ತೊಂದರೆಗಳೂ ಕಡಿಮೆ ಇದ್ದವು. ಇದು 1987ರಲ್ಲಿ ಪ್ರಕಟವಾಯಿತು.

*ವೈದ್ಯರು ತಪ್ಪಿದ್ದೆಲ್ಲಿ?*

ಕೂಸಿನ ನರಗಳ ಮೇಲಿನ ಹೊದಿಕೆ ಇನ್ನೂ ಬೆಳೆದಿರುವುದಿಲ್ಲ, ಹಾಗಾಗಿ ನೋವು ಮಿದುಳಿಗೆ ತಲುಪುವುದಿಲ್ಲ ಎಂದು ಅಂದುಕೊಂಡಿದ್ದರು. ಆದರೆ ದೊಡ್ಡವರಲ್ಲೂ ನೋವಿನ ಎಷ್ಟೋ ನರಗಳಿಗೆ ಆ ಹೊದಿಕೆ ಇಲ್ಲ. ಜೊತೆಗೆ, ನೋವನ್ನು ತಡೆಯಲು ಮಿದುಳಿನಿಂದ ಕೆಳಕ್ಕೆ ಬರುವ ವ್ಯವಸ್ಥೆ ಕೂಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಅದಕ್ಕೆ ನೋವು ಹೆಚ್ಚೇ ಆಗಬಹುದು.

ಇಂದು ಬಹಳಷ್ಟು ಡಾಕ್ಟರು, ನರ್ಸುಗಳಿಗೆ ಇದು ಗೊತ್ತು. ಆದರೂ ಗಡಿಬಿಡಿಯ ವಾರ್ಡಿನಲ್ಲಿ "ಒಂದೇ ನಿಮಿಷದ ಕೆಲಸ" ಎಂದು ಬಿಟ್ಟುಹೋಗುತ್ತದೆ. ಆಗ ನೆನಪಿಸಬೇಕಾದವರು ನೀವು.

*ನೀವು ಏನು ಮಾಡಬಹುದು?*

1. ಲಸಿಕೆ ಹಾಕುವಾಗ ಎದೆಹಾಲು ಕುಡಿಸುತ್ತಿರಿ. ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಹೇಳಿದೆ. ಆಗದಿದ್ದರೆ ಎದೆಗೆ ಅಪ್ಪಿಕೊಂಡಿರಿ. ಅಪ್ಪನೂ ಹಿಡಿದುಕೊಳ್ಳಬಹುದು.

2. ರಕ್ತ ತೆಗೆಯುವ ಮೊದಲು ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಯ ಮೇಲೆ ಮಲಗಿಸಿಕೊಳ್ಳಬಹುದೇ ಎಂದು ಕೇಳಿ.

3. ಭಾಷೆ ಬರುವುದಿಲ್ಲ ಎಂದು ಸುಮ್ಮನಾಗಬೇಡಿ. ಊರಿನಿಂದ ಬಾಣಂತನಕ್ಕೆ ಬಂದ ಅಜ್ಜಿಯೂ ಮುಂಬೈಯಲ್ಲೋ ದೆಹಲಿಯಲ್ಲೋ ಇಷ್ಟು ಹೇಳಬಹುದು: "ದೂಧ್ ಪಿಲಾತೇ ಹುಏ ಸುಯೀ ಲಗಾ ಸಕತೇ ಹೈಂ ಕ್ಯಾ?"

4. ಕೂಸು ಐಸಿಯುನಲ್ಲಿದ್ದರೆ, "ಚುಚ್ಚುವ ಮುಂಚೆ ನೋವಿಗೆ ಏನು ಮಾಡುತ್ತೀರಿ?" ಎಂದು ವಿಚಾರಿಸಿ. ಆಸ್ಪತ್ರೆಯಲ್ಲಿ ಅಳತೆ ಮಾಡಿ ಸಕ್ಕರೆ ದ್ರಾವಣದ ಕೆಲವು ಹನಿ ನಾಲಿಗೆಗೆ ಹಾಕುವುದುಂಟು. ಆಪರೇಷನ್ನಿಗೆ ಮಾತ್ರ ಅದು ಸಾಲದು, ಸರಿಯಾದ ಔಷಧವೇ ಬೇಕು.

*ಇವು ಬೇಡ*

ಮನೆಯಲ್ಲಿ ಸಕ್ಕರೆ ನೀರು ಬೇಡ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಲೇಬೇಡಿ, ಅಪಾಯ. ಡಾಕ್ಟರನ್ನು ಕೇಳದೆ ಪ್ಯಾರಸಿಟಮಾಲ್ ಬೇಡ. ನೋವಾಗುತ್ತದೆ ಎಂದು ಲಸಿಕೆಯನ್ನಂತೂ ತಪ್ಪಿಸಬೇಡಿ.

*ನೋವು ಗೊತ್ತಾಗುವುದು ಹೇಗೆ?*

ಹುಬ್ಬು ಗಂಟಾಗುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ, ಮೂಗಿನ ಪಕ್ಕದ ಗೆರೆ ಆಳವಾಗುತ್ತದೆ. ತುಂಬ ನಿಶ್ಶಕ್ತ ಕೂಸು ಅಳದೆಯೂ ನೋವು ತಿನ್ನುತ್ತಿರಬಹುದು. ಹಾಲು ಬಿಟ್ಟರೆ, ಜ್ವರ ಬಂದರೆ, ಮಂಕಾದರೆ ತಡಮಾಡದೆ ತೋರಿಸಿ.

ನಾನು ಚುಚ್ಚಿದ ಆ ಕೂಸು ಈಗ ಕಾಲೇಜು ಮುಗಿಸಿರಬಹುದು. ಅಂದು ಅದನ್ನು ಅಮ್ಮನ ಮಡಿಲಿಗೆ ಕೊಟ್ಟು, ಎರಡು ನಿಮಿಷ ಹಾಲು ಕುಡಿಯಲು ಬಿಟ್ಟು ಆಮೇಲೆ ಚುಚ್ಚಬಹುದಿತ್ತು. ಖರ್ಚೇನೂ ಇರಲಿಲ್ಲ.

ನಿಮ್ಮ ಪರಿಚಯದಲ್ಲಿ ಬಸುರಿ ಅಥವಾ ಬಾಣಂತಿ ಇದ್ದರೆ ದಯವಿಟ್ಟು ಇದನ್ನು ಅವರಿಗೂ ಕಳಿಸಿ.